ಚಾಚಿಯ ನಡಿಗೆ, ನನ್ನ ನಿವೃತ್ತಿ

ನಾನು ಮೂವತ್ತೊಂದನೇ ವಯಸ್ಸಿಗೆ ನಿವೃತ್ತನಾದೆ. ಹಾರ, ಶಾಲು, ಗೋಡೆ ಗಡಿಯಾರ ಯಾವುದೂ ಸಿಗಲಿಲ್ಲ. ಗೋಕಾಕದ ಕಚೇರಿಯಲ್ಲಿ ನನ್ನ ಮೇಲಿನವರಾಗಿದ್ದ ದೇಸಾಯಿ ಸರ್ ಅರ್ಧ ಕಪ್ ಚಹಾ ತರಿಸಿ, ಬೇರೆ ಎಲ್ಲಿ ನೌಕರಿ ಸಿಕ್ಕಿದೆ ಎಂದು ಕೇಳಿದರು. ಎಲ್ಲಿಯೂ ಇಲ್ಲ ಎಂದೆ. ನಂಬಲಿಲ್ಲ. ಒಂಬತ್ತು ವರ್ಷದ ಹಿಂದೆ ನನಗೆ ಇಂಗ್ಲಿಷ್ ಬರುತ್ತದೆ ಎಂದಾಗಲೂ ಅವರು ನಂಬಿರಲಿಲ್ಲ. ಆಗ ಅವರ ಅನುಮಾನ ಸರಿಯಿತ್ತು.

ಈಗ ಘಟಪ್ರಭೆಯ ಸ್ಟೇಷನ್ ಎದುರು ಅಣ್ಣನ ಬೇಕರಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಜಾಗಕ್ಕೆ ಯಾರೋ ಬರುತ್ತಾರೆ. ಅವರಿಗೆ ಕಚೇರಿಯವರು ಒಂದು ಚಂದದ ಪುಸ್ತಕ ಕೊಡುತ್ತಾರೆ. ಅದರಲ್ಲಿ ಎಲ್ಲರೂ ನಗುತ್ತಿರುವ ಫೋಟೋಗಳಿವೆ. ಆ ಫೋಟೋಗಳನ್ನು ತೆಗೆಯುವಾಗ ನಗಿಸುತ್ತ ನಿಂತಿದ್ದವನು ನಾನು. ಆದ್ದರಿಂದ ಆ ಪುಸ್ತಕವನ್ನು ನಂಬಬೇಡಿ.

ಕೆಲಸ ಇಷ್ಟೇ: ಪರದೇಶದಿಂದ ಸ್ವಯಂಸೇವಕರು ಬರುತ್ತಾರೆ, ಮೂಡಲಗಿ ಕಡೆಯ ಹಳ್ಳಿಗಳಲ್ಲಿ ಆರು ತಿಂಗಳೋ ಒಂದು ವರ್ಷವೋ ಇರುತ್ತಾರೆ. ಅವರ ಮಾತನ್ನು ಊರಿಗೆ, ಊರಿನ ಮಾತನ್ನು ಅವರಿಗೆ ಮುಟ್ಟಿಸಬೇಕು. ನನ್ನ ಆದೇಶಪತ್ರದಲ್ಲಿ 'ಕ್ಷೇತ್ರ ಸಹಾಯಕ' ಎಂದಿತ್ತು. ಊರಲ್ಲಿ 'ಫಾರಿನ್‌ದವರ ಹಿಂದ ತಿರಗಾಂವ' ಎನ್ನುತ್ತಿದ್ದರು. ಇಂಗ್ಲಿಷ್ ನನಗೆ ಅರ್ಧ ಬರುತ್ತಿತ್ತು, ಉಳಿದರ್ಧವನ್ನು ಅಣಕದಿಂದ ತುಂಬಿಸುತ್ತಿದ್ದೆ. ಚಿಕ್ಕಂದಿನಿಂದಲೂ ನನ್ನ ಬಂಡವಾಳ ಅದೊಂದೇ. ಬಸ್ ಕಂಡಕ್ಟರನ ಸೀಟಿ, ಹೆಡ್‌ಮಾಸ್ತರರ ಕೆಮ್ಮು, ಅಪ್ಪ ಸಿಟ್ಟಿಗೆ ಬರುವ ಮುಂಚೆ ಮೂಗಿನಲ್ಲಿ ಎಳೆದುಕೊಳ್ಳುವ ಉಸಿರು, ಎಲ್ಲವೂ ನನಗೆ ಬರುತ್ತಿತ್ತು. ನನ್ನ ಅಣಕವನ್ನೂ ನಾನೇ ಮಾಡುತ್ತಿದ್ದೆ. ಅದರಲ್ಲಿ ಮಾತ್ರ ನಾನು ಇದ್ದುದಕ್ಕಿಂತ ತುಸು ಚೆಲುವನಾಗಿ ಕಾಣುತ್ತಿದ್ದೆ.

ಈ ಕೆಲಸಕ್ಕೆ ಬರುವವರು ಮೊದಲು ತಿಳಿಯಬೇಕಾದ ವಿಷಯ: ಪುಕ್ಕಟೆ ಕೆಲಸ ಮಾಡುವವರನ್ನು ನಮ್ಮ ಊರುಗಳು ನಂಬುವುದಿಲ್ಲ. ಪಗಾರ ತೆಗೆದುಕೊಂಡು ಕೆಲಸ ಮಾಡದವನನ್ನು ಬೇಕಾದರೆ ನಂಬುತ್ತಾರೆ, ಅವನ ಲೆಕ್ಕ ಅವರಿಗೆ ತಿಳಿಯುತ್ತದೆ. ನಾನು ಸೇರಿದ ವರ್ಷ ಕೊರಿಯಾದಿಂದ ಬಂದ ಗಂಡಹೆಂಡತಿ ಕೊಣ್ಣೂರ ಹತ್ತಿರದ ಒಂದು ಶಾಲೆಯ ಗೋಡೆಗೆ ಹೂವು, ಹಕ್ಕಿ, ಸೂರ್ಯನನ್ನು ಬರೆದರು. ಹದಿನೈದು ದಿನ ಬಿಸಿಲಲ್ಲಿ ನಿಂತು ಬರೆದರು. ಊರ ಹಿರಿಯರು ಪ್ರತಿದಿನ ಬಂದು ನೋಡಿದರು, ಕೊನೆಯ ದಿನ ಒಬ್ಬರು ನನ್ನನ್ನು ಬಾಜೂಕ್ಕೆ ಕರೆದು, ಇದು ಯಾವ ಕಂಪನಿಯ ಜಾಹೀರಾತು, ಕಂಪನಿಯ ಹೆಸರು ಯಾವಾಗ ಬರೆಯುತ್ತಾರೆ ಎಂದು ಕೇಳಿದರು. ಹೆಸರು ಇಲ್ಲ ಎಂದರೆ ಕೇಳಲಿಲ್ಲ. ಇಂದಿಗೂ ಆ ಊರಿನವರು ಹೆಸರಿಗಾಗಿ ಕಾಯುತ್ತಿದ್ದಾರೆ.

ಇನ್ನೊಬ್ಬ ಹಾಲೆಂಡಿನ ಹುಡುಗ ಎಮ್ಮೆಗಳ ಫೋಟೋ ತೆಗೆಯುತ್ತಿದ್ದ. ಅವನ ದೇಶದಲ್ಲಿ ಇಂಥ ಕೋಡು ಇಲ್ಲವಂತೆ. ಒಂದು ವಾರದಲ್ಲಿ ಊರಿನ ಎಮ್ಮೆಗಳೆಲ್ಲ ಹಿತ್ತಲಿಗೆ ಹೋದವು. ಸರಕಾರಕ್ಕೆ ಎಮ್ಮೆಯ ಎಣಿಕೆ ಕೊಡುತ್ತಾನೆ ಎಂದು ಸುದ್ದಿ. ಆ ಸುದ್ದಿಯನ್ನು ಮೊದಲು ಹೇಳಿದವನು ನಾನೇ, ತಮಾಷೆಗೆ. ಊರಲ್ಲಿ ತಮಾಷೆಗೆ ಹೇಳಿದ್ದು ಸಂಜೆಯೊಳಗೆ ಖರೆ ಆಗುತ್ತದೆ ಎಂಬುದು ಆಗಲೇ ನನಗೆ ಗೊತ್ತಾಗಬೇಕಿತ್ತು.

ಮಾರ್ತಾ ಬಂದದ್ದು ನನ್ನ ಕೊನೆಯ ವರ್ಷದಲ್ಲಿ. ಪೋಲೆಂಡಿನವಳು, ಅರವತ್ತು ದಾಟಿತ್ತು. ತನ್ನ ದೇಶದ ಆಸ್ಪತ್ರೆಯಲ್ಲಿ ಕೈಕಾಲು ಬಿದ್ದವರಿಗೆ ವ್ಯಾಯಾಮ ಮಾಡಿಸಿ ನಡೆಸುವ ಕೆಲಸ ಮಾಡಿ ನಿವೃತ್ತಳಾಗಿದ್ದಳು. ನಮ್ಮ ಹಳ್ಳಿಯ ಹೆಂಗಸರ ಸೊಂಟ, ಮೊಣಕಾಲಿನ ನೋವಿಗೆ ಏನಾದರೂ ಮಾಡುತ್ತೇನೆ ಎಂದು ಬಂದಿದ್ದಳು. ಮಸಗುಪ್ಪಿಯಲ್ಲಿ ಒಂದು ಮನೆಯ ಹಿಂದಿನ ಕೋಣೆ ಕೊಡಿಸಿದೆ.

ಮೂರೇ ದಿನದಲ್ಲಿ ಊರು ಅವಳ ಮೇಲೆ ಪ್ರಕರಣ ದಾಖಲಿಸಿತು. ಒಂದು, ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಾಳೆ. ಎರಡು, ತನ್ನ ಬಟ್ಟೆ ತಾನೇ ಒಗೆಯುತ್ತಾಳೆ, ಅಂದರೆ ಬಟ್ಟೆಯಲ್ಲಿ ಏನೋ ಇದೆ. ಮೂರು, ಒಂದು ಲೋಟ ನೀರು ಕೊಟ್ಟರೂ ಥ್ಯಾಂಕ್ಸ್ ಎನ್ನುತ್ತಾಳೆ. ನಮ್ಮಲ್ಲಿ ನೀರಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಹೇಳಿದರೆ ಮುಂದೆ ದೊಡ್ಡದೇನನ್ನೋ ಕೇಳುವವರಿದ್ದಾರೆ ಎಂದೇ ಅರ್ಥ. ಎಲ್ಲಕ್ಕಿಂತ ದೊಡ್ಡ ಅಪರಾಧವೆಂದರೆ ಅವಳು ಬೆಳಿಗ್ಗೆ ನೀರಿಗೆ ಹೋಗುವ ಹೆಂಗಸರ ಹಿಂದೆ ಹಿಂದೆ ಹೋಗಿ, ಅವರ ಬೆನ್ನು ಕಾಲು ನೋಡಿ, ಒಂದು ನೀಲಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು.

ಚಹಾದಂಗಡಿಯ ಸಿದ್ದಪ್ಪ ಕಾಕಾ ನನ್ನನ್ನು ಕೂರಿಸಿಕೊಂಡರು. "ಮುಂದ ನಿಂತು ಮಾರಿ ನೋಡಿ ಬರ್ಕೊಂಡ್ರ ಒಂದು ಮಾತು. ಹಿಂದಿಂದ ಏನ ಬರೀತಾಳಪಾ ಆಕಿ?"

ನಡಿಗೆ ಬರೀತಾಳೆ ಎಂದೆ.

"ನಡಿಗಿ ಒಯ್ದು ಏನ ಮಾಡ್ತಾಳ?"

ಖರೆ ಹೇಳಬೇಕೆಂದರೆ ನನಗೂ ಅನುಮಾನವಿತ್ತು. ಆ ವಹಿ ಪೋಲಿಷ್ ಭಾಷೆಯಲ್ಲಿತ್ತು, ನನಗೆ ಓದಲು ಬರುತ್ತಿರಲಿಲ್ಲ. ದುಭಾಷಿಗೆ ತನಗೆ ಓದಲು ಬಾರದ ಬರಹದಷ್ಟು ಭಯ ಹುಟ್ಟಿಸುವುದು ಬೇರೆ ಇಲ್ಲ. ಮಾರ್ತಾಗೂ ನನ್ನ ಮೇಲೆ ಅನುಮಾನವಿತ್ತು. ಅವಳು ಒಂದು ಸಾಲು ಹೇಳಿದರೆ ನಾನು ನಾಲ್ಕು ಸಾಲು ಹೇಳುತ್ತಿದ್ದೆ, ಹೆಂಗಸರು ನಾಲ್ಕು ಸಾಲು ಬೈದರೆ ನಾನು ಅವಳಿಗೆ 'ಸಂತೋಷವಾಗಿದೆಯಂತೆ' ಎಂದು ಮುಗಿಸುತ್ತಿದ್ದೆ. ಒಂದು ದಿನ ಅವಳು ತಡೆದು, ಸಂತೋಷವಾದವರು ಪೊರಕೆ ಯಾಕೆ ಎತ್ತಿಕೊಂಡಿದ್ದಾರೆ ಎಂದು ಕೇಳಿದಳು. ಈಗಿನವರಿಗೆ ಮೊಬೈಲೇ ಮಾತು ತಿರುಗಿಸಿ ಹೇಳುತ್ತದೆ. ಅದರಿಂದ ಒಂದು ಅನನುಕೂಲ ಇದೆ: ಮೊಬೈಲಿಗೆ ಮುಲಾಜು ಗೊತ್ತಿಲ್ಲ, ಬೈದದ್ದನ್ನು ಬೈದ ಹಾಗೆಯೇ ಮುಟ್ಟಿಸುತ್ತದೆ.

ಆ ಊರಿನಲ್ಲಿ ಮಾರ್ತಾಗೆ ಬಾಗಿಲು ತೆರೆಯದ ಮನೆ ಒಂದಿತ್ತು. ಹತ್ತಿ ಹಿಂಜಿ ಗಾದಿ ಮಾಡುವ ನದಾಫರ ಖತೀಜಾ ಚಾಚಿಯದು. ಗಂಡ ಟೆಂಪೋದಲ್ಲಿ ಊರೂರಿಗೆ ಗಾದಿ ಮಾರಲು ಹೋಗುತ್ತಿದ್ದ, ಚಾಚಿ ಮನೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಅವಳ ಕೈಯ ಕೌದಿಯನ್ನು ಹೊದ್ದವರು ಬೇರೆ ಹೊದಿಕೆಗೆ ಒಗ್ಗುವುದಿಲ್ಲ. ಮಗಳು ರೇಷ್ಮಾಳಿಗೆ ಹುಕ್ಕೇರಿಯ ಕಡೆ ಸಂಬಂಧದ ಮಾತು ನಡೆದಿತ್ತು. ಮನೆಯ ಹೆಂಗಸರ ಹಳೆ ಸೀರೆಗಳನ್ನೆಲ್ಲ ಸೇರಿಸಿ ಮಗಳಿಗೆ ಐದು ಕೌದಿ ಹೊಲಿದು ಕಳಿಸಬೇಕೆಂದು ಚಾಚಿ ಬೆಳಗಿನಿಂದ ಕತ್ತಲಾಗುವವರೆಗೆ ಕಾಲು ಮಡಚಿಕೊಂಡು ಕೂತೇ ಇರುತ್ತಿದ್ದಳು.

ಈಚೆಗೆ ಅವಳ ನಡಿಗೆ ಬದಲಾಗಿತ್ತು. ಬಲಗಾಲನ್ನು ಮೆಟ್ಟಿಲು ಹತ್ತುವವರಂತೆ ಎತ್ತರಕ್ಕೆ ಎತ್ತುವುದು, ಇಡುವಾಗ ಬೆರಳು ಮೊದಲು ನೆಲಕ್ಕೆ ತಾಗಿ ಚಪ್ಪಲಿ 'ಟಪ್' ಎನ್ನುವುದು. ಯಾರಾದರೂ ಎದುರು ಬಂದರೆ ಅವಳು ನಿಂತುಬಿಡುತ್ತಿದ್ದಳು, ಸೆರಗು ಸರಿ ಮಾಡಿಕೊಳ್ಳುವವಳಂತೆ. ಊರಿನವರು ಅದನ್ನು ನೋಡಿಯೂ ನೋಡದಂತಿದ್ದರು. ಕೂಡಿಬಂದ ಸಂಬಂಧದ ಹೊತ್ತಿನಲ್ಲಿ ತಾಯಿಯ ಕಾಲಿನ ಸುದ್ದಿ ಎತ್ತಬಾರದು ಎಂಬ ಬುದ್ಧಿ ಊರಿಗಿತ್ತು. ನನಗಿರಲಿಲ್ಲ.

ಒಂದು ಮಧ್ಯಾಹ್ನ ಸಿದ್ದಪ್ಪ ಕಾಕಾನ ಅಂಗಡಿಯಲ್ಲಿ ಮಾರ್ತಾ ಸಕ್ಕರೆ ಇಲ್ಲದ ಚಹಾ ಕುಡಿಯುತ್ತ ಕೂತಿದ್ದಳು. ಮೂಲೆಯ ಬೆಂಚಿನಲ್ಲಿ ಬಿಳಿ ಟೊಪ್ಪಿಗೆಯ ಒಬ್ಬ ಹಿರಿಯ, ಬಸ್ಸಿಗೆ ಕಾಯುವವನಂತೆ. ನಾನು ರಂಗಕ್ಕಿಳಿದೆ. ಮೊದಲು ದೇಸಾಯಿ ಸರ್ ಫೈಲು ಮುಚ್ಚುವುದು, ಆಮೇಲೆ ಸಿದ್ದಪ್ಪ ಕಾಕಾ ಹಾಲು ಉಕ್ಕಿದಾಗ ಹೆಂಡತಿಯನ್ನು ಕರೆಯುವುದು, ಆಮೇಲೆ ಮಾರ್ತಾ ಹೆಂಗಸರ ಹಿಂದೆ ಬೆಕ್ಕಿನಂತೆ ಹೋಗುವುದು. ಅವಳು ಬಿದ್ದುಬಿದ್ದು ನಕ್ಕಳು. ನಗು ಸಿಕ್ಕರೆ ನನಗೆ ನಿಲ್ಲಿಸಲು ಬರುವುದಿಲ್ಲ. ಬಲಗಾಲು ಮೇಲೆತ್ತಿದೆ, ಬೆರಳು ಮೊದಲು ಊರಿದೆ, ಟಪ್. ಎತ್ತಿದೆ, ಟಪ್.

ಮಾರ್ತಾ ನಗು ನಿಲ್ಲಿಸಿದಳು. ಇನ್ನೊಮ್ಮೆ ಮಾಡು ಎಂದಳು. ಮಾಡಿದೆ. ನಿಧಾನವಾಗಿ ಮಾಡು ಎಂದಳು. ಇದು ಯಾರ ನಡಿಗೆ ಎಂದಳು. ಯಾರದೂ ಅಲ್ಲ, ನಾನೇ ಕಟ್ಟಿದ್ದು ಎಂದೆ. ಇದನ್ನು ಯಾರಿಂದಲೂ ಕಟ್ಟಲಾಗುವುದಿಲ್ಲ, ಮೊಣಕಾಲಿನ ಪಕ್ಕದ ನರ ಒತ್ತಿಹೋದವರು ಮಾತ್ರ ಹೀಗೆ ನಡೆಯುತ್ತಾರೆ ಎಂದಳು. ದಿನವಿಡೀ ಕಾಲು ಮಡಚಿ ಕೂರುವ ಕೆಲಸದವರೇ? ಈಗಲೇ ಹಿಡಿದರೆ ಸರಿಹೋಗಬಹುದು, ಹೀಗೇ ಬಿಟ್ಟರೆ ಆ ಪಾದ ಮೇಲೇಳುವುದನ್ನೇ ಮರೆಯಬಹುದು. ಹೇಳು ಬಸು, ಯಾರದು ಈ ನಡಿಗೆ?

ನಾನು ಹೆಸರು ಹೇಳಿದೆ. ಅದೂ ಕನ್ನಡದಲ್ಲಿ, ಮನೆತನ ಸಮೇತ, ಅಂಗಡಿಗೆಲ್ಲ ಕೇಳುವ ಹಾಗೆ. ಮೂಲೆಯ ಹಿರಿಯ ಚಹಾದ ಲೋಟ ಕೆಳಗಿಟ್ಟು, ಬಂದ ಬಸ್ಸನ್ನು ಹತ್ತದೆ, ಎದುರಿನ ದಿಕ್ಕಿನ ಬಸ್ಸು ಹತ್ತಿ ಹೋದ.

ನಮ್ಮ ಕಡೆ ಹೆಣ್ಣು ಗೊತ್ತುಮಾಡುವ ಮುಂಚೆ ಗಂಡಿನ ಕಡೆಯ ಒಬ್ಬರು ಊರಿಗೆ ಬಂದು, ಯಾರೆಂದು ಹೇಳದೆ, ಚಹಾದಂಗಡಿಯಲ್ಲಿ ಕೂತು ಮನೆತನದ ಸುದ್ದಿ ಕೇಳಿಕೊಂಡು ಹೋಗುವ ರೂಢಿ ಇದೆ. ಇದು ನನಗೆ ಗೊತ್ತಿರಲಿಲ್ಲವೇ? ನಮ್ಮ ಅಣ್ಣನಿಗೆ ಹೆಣ್ಣು ಗೊತ್ತುಮಾಡುವಾಗ ಹಾಗೆ ಹೋಗಿ ಕೂತವನೇ ನಾನು. ಒಂಬತ್ತು ವರ್ಷ ಕಂಡವರನ್ನೆಲ್ಲ ಅನುಮಾನಿಸಿದವನು ಆ ದಿನ ಅನುಮಾನಿಸಬೇಕಾಗಿದ್ದ ಒಬ್ಬನನ್ನೇ ಬಿಟ್ಟಿದ್ದೆ. ಅವನು ಹುಡುಗನ ಸೋದರಮಾವ, ಇಮಾಮಸಾಬ.

ನಾಲ್ಕು ದಿನಕ್ಕೆ ಹುಕ್ಕೇರಿಯಿಂದ ಮಾತು ಬಂತು. ಹಿಂದೆ ಹೆಣ್ಣು ನೋಡಲು ಬಂದಾಗ ತಾಯಿ ಚಹಾ ಕೊಡಲೂ ಏಳಲಿಲ್ಲ, ಆಗಲೇ ಅನುಮಾನ ಬಂದಿತ್ತು. ತಾಯಿಯ ಕಾಲಿನ ರೋಗ ನಾಳೆ ಮಗಳಿಗೂ ಬಂದರೆ? ಸ್ವಲ್ಪ ತಡೆಯೋಣ. ನಮ್ಮಲ್ಲಿ 'ತಡೆಯೋಣ' ಎಂದರೆ ಮುಗಿಯಿತು ಎಂದು.

ಚಾಚಿಯ ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನೀಲಿ ವಹಿ. ಹಿಂದಿನಿಂದ ನೋಡಿ ಬರೆದುಕೊಂಡವಳು ಹುಕ್ಕೇರಿಗೆ ಓದಿಸಿದ್ದಾಳೆ. ಊರಿನ ಅರ್ಧ ಜನ ಅದನ್ನೇ ನಂಬಿದರು, ಉಳಿದರ್ಧ ತಮ್ಮ ನಡಿಗೆ ಎಲ್ಲಿಗೆ ಹೋಗಿದೆಯೋ ಎಂದು ಹೆದರಿದರು. ವಹಿ ಪಂಚಾಯಿತಿಗೆ ತಂದಿಡಲಿ ಎಂದರು. ದೇಸಾಯಿ ಸರ್ ಫೋನು ಮಾಡಿ, ಈ ವಾರವೇ ಅವಳನ್ನು ಗೋಕಾಕಕ್ಕೆ ಕರೆತಾ, ಊರಿನ ಕೆಲಸ ಬಂದ್ ಮಾಡೋಣ ಎಂದರು. ಅವತ್ತು ಅಂಗಡಿಯಲ್ಲಿ ಎಲ್ಲವನ್ನೂ ಕೇಳಿದ್ದ ಸಿದ್ದಪ್ಪ ಕಾಕಾ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಬೈಗುಳ ನನಗೆ ಸಿಗುವ ಬದಲು ಅವಳಿಗೆ ಸಿಗುತ್ತಿತ್ತು, ಅವಳಿಗೆ ಭಾಷೆ ತಿಳಿಯುತ್ತಿರಲಿಲ್ಲ, ಎಷ್ಟು ಅನುಕೂಲ ನೋಡಿ.

ಮಾರ್ತಾಗೆ ವಿಷಯ ಹೇಳಿದಾಗ ಅವಳು ವಹಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಪಾದ ಹೀಗಾಗಿ ಎಷ್ಟು ವಾರವಾಯಿತು ಎಂದು ಕೇಳಿದಳು. ಐದಾರು ಎಂದೆ. ಬೆರಳಲ್ಲಿ ಏನೋ ಎಣಿಸಿ, ಹಾಗಾದರೆ ನನ್ನನ್ನು ಬೈಯಲಿ, ಆದರೆ ಕಾಲು ಮಡಚಿ ಕೂರಬೇಡ ಎಂದಷ್ಟು ನೀನೇ ಹೋಗಿ ಹೇಳು ಎಂದಳು. ಅದನ್ನು ನಾನು ಹಾಗೆಯೇ, ಒಂದು ಸಾಲಿಗೆ ಒಂದೇ ಸಾಲಾಗಿ ಮುಟ್ಟಿಸಬೇಕಿತ್ತು.

ಚಾಚಿಯ ಬಾಗಿಲು ಅರ್ಧ ತೆರೆದಿತ್ತು. ಅಂಗಳದಲ್ಲಿ ಹತ್ತಿಯ ಎಳೆಗಳು ಹಾರಾಡುತ್ತಿದ್ದವು. ರೇಷ್ಮಾ ನನ್ನನ್ನು ನೋಡಿ ಒಳಗೆ ಹೋದಳು. ಚಾಚಿ ಕೂತಲ್ಲಿಂದಲೇ ಸೂಜಿ ನಿಲ್ಲಿಸದೆ ಹೇಳಿದಳು. "ನಿಮ್ಮ ಬಿಳಿ ಹೆಂಗಸಿಗೆ ಹೇಳು, ಇನ್ನ ಏನ ಬರ್ಕೊಳ್ಳೂದು ಉಳದೈತಿ ಅಂತ."

"ಆಕಿ ಹೇಳಿಲ್ಲ ಚಾಚಿ. ಹೇಳಿದಾಂವ ನಾ."

ಸೂಜಿ ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ಅಂಗಡಿ, ಮಾವ, ಬಸ್ಸು, ನನ್ನ ಟಪ್. ಅವಳು ಬೈಯಲಿ ಎಂದು ಕಾಯುತ್ತಿದ್ದೆ, ಬೈದರೆ ಆ ಬೈಗುಳವನ್ನೂ ಮುಂದೆ ಎಲ್ಲಾದರೂ ಮಾಡಿ ತೋರಿಸಬಹುದಿತ್ತು. ಅವಳು ಬೈಯಲಿಲ್ಲ.

"ಮಾಡು," ಎಂದಳು.

"ಏನ ಚಾಚಿ?"

"ಊರ ನೋಡೇತಿ, ಹುಕ್ಕೇರಿ ನೋಡೇತಿ. ನನ್ನ ನಡಿಗಿ ನಾ ಅಷ್ಟ ನೋಡಿಲ್ಲ. ಮಾಡು."

ನನ್ನ ಜೀವಮಾನದಲ್ಲಿ ಒಬ್ಬರೇ ನೋಡುಗರ ಮುಂದೆ, ಅವರದೇ ಅಣಕ ಮಾಡಿದ್ದು ಅದೊಂದು ಸಲ. ಅಂಗಳದ ಈ ತುದಿಯಿಂದ ಆ ತುದಿಗೆ ನಡೆದೆ. ಎತ್ತಿದೆ, ಟಪ್. ತಿರುಗಿದೆ. ಯಾರೂ ನಗದಿದ್ದರೆ ಅಣಕ ಎಷ್ಟು ಉದ್ದವಾಗುತ್ತದೆ ಎಂಬುದು ಆಗ ತಿಳಿಯಿತು. ಚಾಚಿ ತನ್ನ ಬಲಗಾಲಿನ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

"ನಾ ಹಿಂಗ ನಡೀತೇನಿ?"

ನಾನು ಹೌದೆಂದು ತಲೆ ಆಡಿಸಿದೆ.

"ಜುಂ ಹಿಡದೈತಿ, ಬಿಡತೈತಿ ಅಂತ ತಿಳದಿದ್ದೆ. ಇಷ್ಟ ಆಗೇತಿ ಅಂತ ಒಬ್ಬರೂ ಹೇಳಲಿಲ್ಲ ನೋಡು." ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಅಂದಳು, "ಕರ್ಕೊಂಡ ಬಾ ಆಕಿನ್ನ. ವಹಿ ತರಾಕ ಹೇಳು."

ಮಾರ್ತಾ ಬಂದಳು, ವಹಿ ತಂದಳು. ಚಾಚಿ ಕಾಲು ತೋರಿಸುವ ಮುಂಚೆ ವಹಿಯ ಒಂದೊಂದೇ ಪುಟ ತಿರುವಿದಳು. ಪೋಲಿಷ್ ಸಾಲುಗಳ ನಡುವೆ ತುಂಬ ಕಡ್ಡಿ ಗೊಂಬೆಗಳು. ಕೊಡ ಹೊತ್ತ ಕಡ್ಡಿ, ಬಾಗಿದ ಕಡ್ಡಿ, ಸೊಂಟಕ್ಕೆ ಬಾಣದ ಗುರುತು ಹಾಕಿದ ಕಡ್ಡಿ. ಹೆಸರಿಲ್ಲ. ಚಾಚಿ ಕೊನೆಯ ಪುಟದವರೆಗೂ ನೋಡಿ, "ಮಾರಿನ ಇಲ್ಲಲ್ಲ ಯಾರಿಗೂ," ಎಂದು ವಹಿ ತಿರುಗಿ ಕೊಟ್ಟಳು. ಅವಳ ವಿಚಾರಣೆ ಮುಗಿಯಿತು. ಆಮೇಲೆ ಕಾಲು ಚಾಚಿದಳು.

ಘಟಪ್ರಭೆಯ ದವಾಖಾನೆಗೆ ಕರೆದುಕೊಂಡು ಹೋದೆವು, ಅಲ್ಲಿನ ಡಾಕ್ಟರೂ ಅದನ್ನೇ ಹೇಳಿದರು. ಚಾಚಿಯೇ ಒಪ್ಪಿದ ಮೇಲೆ ಪಂಚಾಯಿತಿ ವಹಿ ಕೇಳುವುದನ್ನು ಬಿಟ್ಟಿತು, ದೇಸಾಯಿ ಸರ್ ಮಾರ್ತಾಳನ್ನು ಊರಲ್ಲೇ ಇರಲು ಬಿಟ್ಟರು. ಕಾಲು ಮಡಚಿ ಕೂರುವುದು ಬಂದ್. ಸಿದ್ದಪ್ಪ ಕಾಕಾ, ಬಾಯಿ ಮುಚ್ಚಿಕೊಂಡಿದ್ದಕ್ಕೆ ಪ್ರಾಯಶ್ಚಿತ್ತವೋ ಏನೋ, ಅಂಗಡಿಯ ಒಂದು ಸ್ಟೂಲು ಕಳಿಸಿದರು. ಪಾದ ಕೆಳಗೆ ಬೀಳದಂತೆ ಮಾರ್ತಾ ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕಟ್ಟಿದಳು, ಕಣಕಾಲಿನಿಂದ ಚಪ್ಪಲಿಯ ಮೂತಿಗೆ. ಚರ್ಮಕ್ಕೆ ಒತ್ತುತ್ತದೆ ಎಂದು ಚಾಚಿ ಅದಕ್ಕೆ ಕೌದಿಯ ಅಸ್ತರ ಹೊಲಿದಳು. ದಿನಾ ಬೆಳಿಗ್ಗೆ ಮಾರ್ತಾ ಎಣಿಸುತ್ತಿದ್ದಳು, ಚಾಚಿ ಹೆಬ್ಬೆರಳು ಎತ್ತಲು ಹೆಣಗುತ್ತಿದ್ದಳು, ನಾನು ನಡುವೆ ಇಬ್ಬರ ಸಿಟ್ಟನ್ನೂ ಭಾಷಾಂತರಿಸುತ್ತಿದ್ದೆ. ಮೊದಲ ತಿಂಗಳು ಏನೂ ಆಗಲಿಲ್ಲ. ಇದು ಸುಳ್ಳೋ ಖರೇನೋ ಎಂದು ಚಾಚಿ ನನ್ನ ಮುಖ ನೋಡುತ್ತಿದ್ದಳು, ನಾನು ಮಾರ್ತಾಳ ಮುಖ ನೋಡುತ್ತಿದ್ದೆ. ಎರಡನೇ ತಿಂಗಳಲ್ಲಿ ಒಂದು ದಿನ ಹೆಬ್ಬೆರಳು ತುಸು ಎದ್ದಿತು. ಮೂವರಲ್ಲಿ ಯಾರೂ ನಂಬಲಿಲ್ಲ. ಇನ್ನೊಮ್ಮೆ ಎತ್ತಿಸಿ ನೋಡಿದೆವು.

ಮಾರ್ತಾ ತನ್ನ ದೇಶಕ್ಕೆ ಹೊರಡುವ ಹೊತ್ತಿಗೆ ಚಾಚಿ ಪಟ್ಟಿ ಇಲ್ಲದೆ ನಡೆಯುತ್ತಿದ್ದಳು. ದಣಿದರೆ ಮಾತ್ರ ಸಣ್ಣ ಟಪ್. ಆದರೆ ಹುಕ್ಕೇರಿ ಸುಮ್ಮನಿತ್ತು. ರೇಷ್ಮಾಳಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳೇನೂ ಹೇಳಿರಲಿಲ್ಲ. ಕೊನೆಗೆ ಚಾಚಿಯೇ, ಅವರು ನಮ್ಮ ಮನೆ ನೋಡಿ ಹೋಗಿದ್ದಾರೆ, ನಾವು ಅವರ ಮನೆ ನೋಡುವುದು ಬಾಕಿ ಇದೆ, ಹೋಗೋಣ ಎಂದಳು. ನನ್ನನ್ನೂ ಟೆಂಪೋಕ್ಕೆ ಹತ್ತಿಸಿದಳು. ಸಾಕ್ಷಿ ಎಂದೋ ಆರೋಪಿ ಎಂದೋ ಹೇಳಲಿಲ್ಲ.

ಹುಕ್ಕೇರಿಯ ಮನೆಯಲ್ಲಿ ಚಾಪೆ ಹಾಸಿದ್ದರು. ಚಾಚಿ ಕುರ್ಚಿ ಕೇಳಿ ಕೂತಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನರದ ವಿಷಯ, ದವಾಖಾನೆಯ ಚೀಟಿ, ಎಲ್ಲವನ್ನೂ ಚಾಚಿಯ ಗಂಡ ಹೇಳಿದ. ಇಮಾಮಸಾಬ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಅವನ ಕಣ್ಣು ನನ್ನ ಮೇಲೆ ಬಿತ್ತು.

"ನೀ ಅಲ್ಲ ಅವತ್ತ ಚಾದಂಗಡ್ಯಾಗ ಮಾಡಿದಾಂವ? ಮೊದಲ ಹೆಂಗ ನಡೀತಿದ್ರು, ಈಗ ಹೆಂಗ ನಡೀತಾರ, ಎರಡೂ ಮಾಡಿ ತೋರ್ಸು. ಚೀಟಿಕ್ಕಿಂತ ಅದ ಛಲೋ ತಿಳೀತೈತಿ."

ಬಾಗಿಲ ಮರೆಯ ಹೆಂಗಸರೆಲ್ಲ ಇಣುಕಿದರು. ನೋಡುಗರು ತುಂಬಿದ ಮನೆ, ಕೇಳಿ ಕರೆದು ಕೊಟ್ಟ ವೇಷ. ನನ್ನ ಕಾಲು ತಾನಾಗಿಯೇ ಏಳಲು ನೋಡಿತು. ಅದನ್ನು ಹಿಡಿದುಕೊಂಡೆ.

"ಬರೂದಿಲ್ರಿ ಮಾಮು. ಮರತೇನಿ," ಎಂದೆ.

ನಂಬಲಿಲ್ಲ. ನಂಬದಿದ್ದದ್ದೇ ಸರಿ.

ಆಗ ಕುರ್ಚಿ ಸರಿದ ಸದ್ದಾಯಿತು. "ಇಂವಗ ಬರೂದಿಲ್ಲ, ನನಗ ಬರತೈತಿ," ಎಂದು ಚಾಚಿ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಡುಮನೆಯ ನಡುವೆ ನಿಂತು, ಮೊದಲು ಕತ್ತನ್ನು ಎಡಕ್ಕೆ ವಾಲಿಸಿದಳು. ಅತ್ತ ಇತ್ತ ಯಾರು ನೋಡುತ್ತಿದ್ದಾರೆ ಎಂದು ಕಳ್ಳಗಣ್ಣು ಹಾಯಿಸಿದಳು. ಕೆಳತುಟಿ ಕಚ್ಚಿ, ಬಲಗಾಲನ್ನು ಎತ್ತಿ, ಟಪ್. ನಿಂತು ನಗುವಿಗೆ ಕಾದಳು. ಮತ್ತೆ ಎತ್ತಿ, ಟಪ್. ಅದು ಅವಳ ನಡಿಗೆಯಾಗಿರಲಿಲ್ಲ. ಅವಳ ನಡಿಗೆಯನ್ನು ಅಣಕಿಸುವ ನಾನು ಅದು.

ಮೊದಲು ನಕ್ಕವಳು ರೇಷ್ಮಾ. ಆಮೇಲೆ ಬಾಗಿಲ ಹಿಂದಿನವರು, ಆಮೇಲೆ ಇಮಾಮಸಾಬ, ಟೊಪ್ಪಿಗೆ ಹಿಡಿದುಕೊಂಡು. ಚಾಚಿ ಕತ್ತು ನೆಟ್ಟಗೆ ಮಾಡಿ, ಸೆರಗು ಬಿಚ್ಚಿ, ತನ್ನದೇ ಕಾಲಿನಲ್ಲಿ, ಸದ್ದಿಲ್ಲದೆ, ಕುರ್ಚಿಗೆ ನಡೆದು ಹೋಗಿ ಕೂತಳು. ಹುಡುಗನ ಅಜ್ಜಿ ಒಳಗಿನಿಂದ ಸಕ್ಕರೆಯ ಬಟ್ಟಲು ತರಿಸಿದಳು. ಮಾತು ಕೂಡಿದಾಗ ಎರಡೂ ಕಡೆಯವರ ಬಾಯಿಗೆ ಹಾಕುವ ಸಕ್ಕರೆ. ನನ್ನ ಪಾಲಿಗೂ ಒಂದು ಚಿಟಿಕೆ ಬಂತು.

ಟೆಂಪೋ ತಿರುಗಿ ಘಟಪ್ರಭೆಗೆ ಬಂತು. ಇಳಿಯುವಾಗ ಕೇಳಿದೆ.

"ಚಾಚಿ, ನಾ ಹಿಂಗ ಮಾಡ್ತೇನಿ?"

"ಇಲ್ಲಪಾ," ಎಂದಳು ಚಾಚಿ. "ಬೀಗರ ಮುಂದ ಅಂತ ಸ್ವಲ್ಪ ಛಲೋ ಮಾಡಿ ತೋರಿಸೇನಿ."

ಅಣಕ ಬಿಟ್ಟ ಮೇಲೆ ಆ ಕೆಲಸಕ್ಕೆ ನನ್ನ ಬಳಿ ಅರ್ಧ ಇಂಗ್ಲಿಷ್ ಮಾತ್ರ ಉಳಿದಿತ್ತು. ಮರುದಿನ ಗೋಕಾಕಕ್ಕೆ ಹೋಗಿ ದೇಸಾಯಿ ಸರ್ ಮೇಜಿನ ಮೇಲೆ ರಾಜೀನಾಮೆ ಇಟ್ಟೆ. ಅವರು ಫೈಲು ಮುಚ್ಚಿದ ರೀತಿಯನ್ನು ನಾನು ಈವರೆಗೆ ಯಾರಿಗೂ ಮಾಡಿ ತೋರಿಸಿಲ್ಲ.